ಮುಚ್ಚಳದ ಮೇಲಿನ ಕುಂಕುಮ

ನಮ್ಮ ಮಾವನವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಹಾಗೆನ್ನುವವರ ಅವ್ವ ಹೊಳೆಯಾಚೆ ಕೊನೆಯುಸಿರಿನಲ್ಲಿ ಮಗಳ ದಾರಿ ಕಾದಿರಲಿಲ್ಲ.

ಕಂಪ್ಲಿಯಲ್ಲಿ ಜನರನ್ನು ಹೊಳೆ ದಾಟಿಸುವ ಗುತ್ತಿಗೆ ಮಾವನವರದು. ಆ ವರ್ಷ ಎಲ್ಲಿಂದಲೋ ಒಂದು ಹಳೆಯ ಮೋಟರು ತಂದು ದೋಣಿಯ ಹಿಂಬದಿಗೆ ಸಿಕ್ಕಿಸಿದ್ದರು. ನಡೆಸುತ್ತಿದ್ದವರು ನನ್ನ ಗಂಡ. ಆಯುಧಪೂಜೆಯ ದಿನ ಅದಕ್ಕೆ ಮಾವಿನೆಲೆ, ಹೂವು, ಮೈತುಂಬ ಕಲಸಿದ ಅರಿಸಿನ ಕುಂಕುಮ. ಮದುವಣಗಿತ್ತಿಗೂ ಅಷ್ಟು ಹಚ್ಚುವುದಿಲ್ಲ. ಮರುದಿನವೇ ಆಚೆ ದಡದ ನಿಜಾಮರ ಸೀಮೆಯಲ್ಲಿದ್ದ ನನ್ನ ತವರಿನಿಂದ ಸುದ್ದಿ ಬಂತು. ಅವ್ವನಿಗೆ ಮೇಲುಸಿರು ಬಂದಿದೆ, ನನ್ನನ್ನೇ ಕೇಳುತ್ತಿದ್ದಾಳೆ.

ಹರಿಗೋಲಿನಲ್ಲಿ ಹೋಗುತ್ತೇನೆ ಎಂದೆ. ಮಾವನವರು ಒಪ್ಪಲಿಲ್ಲ. "ಗುತ್ತಿಗಿದಾರನ ಸೊಸೀನ ಹರಿಗೋಲು ಹತ್ತಿದ್ರ ನಮ್ಮ ದೋಣಿ ಯಾರು ಹತ್ತತಾರ?" ಎಂದು ತಾವೇ ಮುಂದಾಗಿ ದೋಣಿ ಏರಿದರು.

ಮೆಲ್ಲಗೆ ಓಡಿಸಿದರೆ ಮೋಟರು ಹಸುವಿನಷ್ಟು ಸಾಧು. ಸೆಳವಿಗೆ ಬಂದು ವೇಗ ಕೊಟ್ಟರೆ ಕೆಮ್ಮಿ, ಮುಗ್ಗರಿಸಿ, ನಿಂತುಬಿಡುತ್ತಿತ್ತು. ಹೊಳೆ ನಮ್ಮನ್ನು ಕೆಳಕ್ಕೆ ಎಳೆಯುತ್ತಿತ್ತು. ನಮ್ಮವರು ಪ್ಲಗ್ಗು ಬಿಚ್ಚಿ ಒರೆಸಿದರು, ಪೆಟ್ರೋಲಿನ ಕೊಳವೆ ಕಳಚಿ ಊದಿದರು. ಪೆಟ್ರೋಲಿಗೆ ನೀರು ಬೆರೆಸಿದ್ದಾನೆಂದು ಮಾವನವರು ಅಂಗಡಿಯವನನ್ನು ಬೈದರು. ನಡುಹೊಳೆಯಲ್ಲಿ ಬೈದರೆ ಅವನಿಗೆ ಕೇಳಬೇಕಲ್ಲ. ನಾನು ಆಚೆ ದಡ ನೋಡುತ್ತ ಹಲ್ಲು ಕಚ್ಚಿ ಕುಳಿತಿದ್ದೆ. ನಮ್ಮ ಕಣ್ಣೆದುರೇ ಹರಿಗೋಲುಗಳು ದಾಟಿ ಹೋದವು.

ಪೆಟ್ರೋಲು ಎಷ್ಟಿದೆ ಎಂದು ನೋಡಲು ನಮ್ಮವರು ಟ್ಯಾಂಕಿನ ಮುಚ್ಚಳ ತಿರುಗಿಸಿದಾಗಲೆಲ್ಲ ಗಾಳಿ ಉಸ್ಸೆಂದು ಒಳಗೆ ನುಗ್ಗುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಮೋಟರು ಚೆನ್ನಾಗಿ ಓಡುತ್ತಿತ್ತು. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ, ಗಾಳಿಗೆ ಇನ್ನೊಂದು ಬೇಕು. ಅಡುಗೆಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಮುಚ್ಚಳ ಇಸಿದುಕೊಂಡು ನೋಡಿದೆ. ಅದರ ನಡುವಿನ ಸಣ್ಣ ತೂತಿನಲ್ಲಿ ಮಾವನವರು ಹಚ್ಚಿದ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಕೆದಕಿದೆ. ಮೋಟರು ಒಂದೇ ಓಟಕ್ಕೆ ದಡ ಮುಟ್ಟಿಸಿತು.

ಅವ್ವ ಹೋಗಿದ್ದಳು. ಕೈ ಇನ್ನೂ ಬೆಚ್ಚಗಿತ್ತು.

ಅವ್ವನ ದಿನಕರ್ಮ ಮುಗಿಸಿ ಕಂಪ್ಲಿಗೆ ಮರಳಲು ದಡಕ್ಕೆ ಬಂದರೆ, ಮಾವನವರು ಅಂಗೈಯಲ್ಲಿ ಮತ್ತೆ ಕುಂಕುಮ ಕಲಸುತ್ತಿದ್ದರು. ಮೋಟರಿಗೆ ದೃಷ್ಟಿ ತಗುಲಿತ್ತಂತೆ. ಅವರ ಬೆರಳು ಮುಚ್ಚಳದ ಕಡೆಗೆ ಹೋಯಿತು. ಅಲ್ಲಿಯವರೆಗೆ ಅವರೆದುರು ತಲೆ ಎತ್ತದ ನಾನು ಅವರ ಮುಂಗೈ ಹಿಡಿದೆ.

"ಅಲ್ಲಿ ಹಚ್ಚಬ್ಯಾಡ್ರಿ ಮಾವಾ. ಆ ತೂತಿನ್ಯಾಗ ನಮ್ಮವ್ವ ಸತ್ತಾಳ."

ಅವರು ಹೊಳೆಯಲ್ಲಿ ಕೈ ತೊಳೆದುಕೊಂಡರು. ತಪ್ಪಾಯಿತು ಎನ್ನಲಿಲ್ಲ.