ಆಪರೇಷನ್ನಿಗೆ ಮೊದಲು ಅತ್ತೆ ನಡೆದದ್ದು

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಇಳಕಲ್ಲಿನ ನೇಕಾರರ ಮನೆಗೆ ಬಂದು ಎರಡು ವರ್ಷವಾಗಿತ್ತು. ಅತ್ತೆಗೆ ಎದೆಯಲ್ಲಿ ಗಂಟು ಕಾಣಿಸಿತು. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿಸಿ, ಇದು ಕ್ಯಾನ್ಸರ್, ಆಪರೇಷನ್ ಆಗಲೇಬೇಕು ಎಂದರು. ಆದರೆ ಅತ್ತೆಯ ಮೈಯಲ್ಲಿ ರಕ್ತ ಕಡಿಮೆ, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಮೂರು ವಾರ ಗುಳಿಗೆ ನುಂಗಿ, ಚೆನ್ನಾಗಿ ಉಂಡು, ಬೆಳಿಗ್ಗೆ ಸಂಜೆ ಅರ್ಧ ತಾಸು ನಡೆದು, ಸಾಧ್ಯವಾದರೆ ಮೆಟ್ಟಿಲನ್ನೂ ಹತ್ತಿ, ಗಟ್ಟಿಯಾಗಿ ಬನ್ನಿ ಎಂದು ಕಳಿಸಿದರು.

ಗುಳಿಗೆಗೂ ಊಟಕ್ಕೂ ಅತ್ತೆಯ ತಕರಾರಿರಲಿಲ್ಲ. ತಕರಾರಿದ್ದದ್ದು ನಡಿಗೆಗೆ. ವಯಸ್ಸೆಲ್ಲ ರಾಟೆಯ ಮುಂದೆ ಕೂತು ನೂಲು ಸುತ್ತಿದವರು ಅವರು. ಹೊರಗೆ ಹೋದರೆ ಸಂತೆಗೆ, ಗುಡಿಗೆ, ಇಲ್ಲವೇ ಬಾಣಂತಿಯನ್ನು ನೋಡಲಿಕ್ಕೆ. ಕೆಲಸವಿಲ್ಲದೆ ಬೀದಿ ಸುತ್ತುವುದು ಅವರಿಗೆ ನಾಚಿಕೆಗೇಡು. ಮೊದಲ ದಿನ ಮನೆಯೊಳಗೇ ನಡೆದರು. ಅಡಿಗೆಮನೆಯಿಂದ ಮಾವನ ಮಗ್ಗದವರೆಗೆ ಹನ್ನೊಂದು ಹೆಜ್ಜೆ. ತಿರುಗುವಾಗೆಲ್ಲ ಅವರ ಸೆರಗು ಮಗ್ಗಕ್ಕೆ ಸಿಕ್ಕು ಎಳೆ ಹರಿಯಿತು. ಮೂರನೇ ಸಲಕ್ಕೆ ಮಾವ ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯಿಂದಲೇ ನನ್ನನ್ನು ಕರೆದು, ನಿನ್ನ ಅತ್ತೆಯನ್ನು ಎಲ್ಲಿಗಾದರೂ ಕರೆದುಕೊಂಡು ಹೋಗು ಎಂದರು.

ಹೊರಗೆ ಬಂದರೆ ಕಟ್ಟೆಯ ಮೇಲೆ ಕೂತವರೆಲ್ಲ ಎಲ್ಲಿಗೆ ಹೊರಟಿರಿ ಎಂದು ಕೇಳುವವರೇ. ಕಾಯಿಲೆಯ ಸುದ್ದಿ ಓಣಿಗೆ ಗೊತ್ತಾಗುವುದು ಅತ್ತೆಗೆ ಬೇಡವಾಗಿತ್ತು. ಜನರ ಅಯ್ಯೋ ಪಾಪ ಕೇಳಿಯೇ ತಾನು ಮಲಗಿಬಿಡುತ್ತೇನೆ ಎನ್ನುತ್ತಿದ್ದರು. ಹಾಗಾಗಿ ಬಜಾರಕ್ಕೆ ಎಂದೆವು. ಬರುವಾಗ ಏನು ತಂದಿರಿ ಎಂದು ಕೇಳಿದರು. ಮರುದಿನದಿಂದ ನನ್ನ ಕೈಯಲ್ಲೊಂದು ಚೀಲ, ಅದರಲ್ಲೊಂದು ಸೋರೆಕಾಯಿ. ಅದೇ ಸೋರೆಕಾಯಿ ನಾಲ್ಕು ದಿನ ನಮ್ಮ ಜೊತೆ ಊರು ಸುತ್ತಿತು. ಐದನೇ ದಿನ ಪಲ್ಯ ಮಾಡುವಷ್ಟೊತ್ತಿಗೆ ಅದೇ ನಮಗಿಂತ ಹೆಚ್ಚು ದಣಿದಿತ್ತು.

ಎರಡನೇ ವಾರ ಊರಿಗೆ ತಾನಾಗಿಯೇ ಕಾರಣ ಹೊಳೆಯಿತು. ನನ್ನ ಮೈದುನ ಬಾಗಲಕೋಟೆಯಲ್ಲಿ ಗುಮಾಸ್ತ, ಮದುವೆಯಾಗಿರಲಿಲ್ಲ. ಅತ್ತೆ ಸೊಸೆ ಒಳ್ಳೆಯ ಸೀರೆ ಉಟ್ಟು ದಿನಕ್ಕೊಂದು ಓಣಿಗೆ ಹೋಗುತ್ತಾರೆಂದರೆ ಹೆಣ್ಣು ನೋಡಲಿಕ್ಕೇ ಇರಬೇಕು. ಒಂದು ಮನೆಯವರು ಬಾಗಿಲಲ್ಲೇ ತಡೆದು ಒಳಗೆ ಕೂರಿಸಿದರು. ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡು ಉಪ್ಪಿಟ್ಟು ತಂದಾಗ ನಮಗೆ ವಿಷಯ ತಿಳಿಯಿತು. ಹೊರಗೆ ಬಂದಮೇಲೆ, ಇದು ತಪ್ಪಲ್ಲವೇ ಎಂದು ನಾನು ಕೇಳಿದೆ. ಅತ್ತೆ ಸಮಾಧಾನವಾಗಿ ಹೇಳಿದರು:

“ನಾವೇನ್ ಕೇಳಿದ್ವಿ? ಅವರ ಕರದ್ರು. ಡಾಕ್ಟರು ಉಣ್ರಿ ಅಂದಾರೊ ಇಲ್ಲೊ?”

ಆ ವಾರ ಮೂರು ಮನೆಯ ಉಪ್ಪಿಟ್ಟು, ಒಂದು ಮನೆಯ ಶಿರಾ ಆಯಿತು.

ಶಿರಾ ಮಾಡಿದ ಮನೆ ಮಾಳಿಗೆಯ ಮೇಲಿತ್ತು. ಹದಿನೆಂಟು ಕಡಿದಾದ ಮೆಟ್ಟಿಲು. ಅತ್ತೆ ನಡುವೆ ಎರಡು ಸಲ ನಿಂತು ಹತ್ತಿದರು. ತಿಂದು ಕೆಳಗಿಳಿದ ಮೇಲೆ, ಚೀಲ ಮರೆತೆ ಎಂದು ಮತ್ತೆ ಹತ್ತಿದರು. ಚೀಲ ನನ್ನ ಕೈಯಲ್ಲೇ ಇತ್ತು. ಮರುದಿನವೂ ಅಲ್ಲಿಗೇ ಹೋದೆವು. ಹುಡುಗಿಯ ತಾಯಿ ಖಡಕ್ ಹೆಂಗಸು. ಚಹಾ ಕೊಡುವ ಮೊದಲೇ ಕೇಳಿಬಿಟ್ಟರು.

“ಅಕ್ಕಾರ, ಎರಡ ದಿನ ಬಂದ್ರಿ. ಹುಡುಗಿ ಮಾರಿ ಒಮ್ಮಿನೂ ನೋಡ್ಲಿಲ್ಲ. ನಿಮ್ಮ ಮನಸಿನ್ಯಾಗ ಏನೈತ್ರಿ?”

ಅತ್ತೆ ಸೆರಗು ಸರಿಮಾಡಿಕೊಂಡು, “ನಾ ಹೆಣ್ಣ ನೋಡಾಕ ಬಂದಿಲ್ಲವ್ವ. ನಿಮ್ಮ ಮೆಟ್ಲ ಹತ್ತಾಕ ಬಂದೀನಿ,” ಎಂದರು. ಆಮೇಲೆ ಗಂಟು, ಆಪರೇಷನ್, ಎಲ್ಲವನ್ನೂ ಹೇಳಿದರು. ಹೇಳುವಾಗ ಮೊದಲ ಸಲ ಅವರ ದನಿ ನಡುಗಿತು. ಆ ಎರಡು ವಾರದಲ್ಲಿ ನಾನು ಅವರ ಹೆದರಿಕೆಯನ್ನು ಕಂಡೇ ಇರಲಿಲ್ಲ.

ಒಳಗಿನಿಂದ ಹುಡುಗಿ, ಹಾಗಾದರೆ ಈ ರೇಷ್ಮೆ ಸೀರೆ ಬಿಚ್ಚಿಡಲೇ ಎಂದು ಕೇಳಿದಳು. ತಾಯಿಗೆ ನಗು ತಡೆಯಲಾಗಲಿಲ್ಲ, ಅತ್ತೆಗೂ.

“ನಾಳೆನೂ ಬರ್ರಿ ಅಕ್ಕಾರ. ನಾನೂ ನಿಮ್ಮ ಕೂಡ ಹತ್ತಿ ಇಳಿತೀನಿ,” ಎಂದರು ಆಕೆ.

ಮಾತಿಗೆ ತಪ್ಪದೆ ಹತ್ತಿಳಿದರು. ಅವರ ಮೈ ಭಾರ, ಮೇಲೆ ಮುಟ್ಟುವಾಗ ಅತ್ತೆಗಿಂತ ಹೆಚ್ಚು ಅವರೇ ತೇಕುತ್ತಿದ್ದರು. ಅವರಿಗೋಸ್ಕರ ಅತ್ತೆ ನಡುವೆ ನಿಂತು ಕಾಯುವುದಾಯಿತು.

ಮೂರು ವಾರ ಮುಗಿಸಿ ಹುಬ್ಬಳ್ಳಿಗೆ ಹೋದಾಗ ಡಾಕ್ಟರು ರಕ್ತ ನೋಡಿ, ಎದೆ ಬಡಿತ ಕೇಳಿ, ಪರವಾಗಿಲ್ಲ ಎಂದರು. ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೇ ದಿನ ಅತ್ತೆ ಗಾಯದ ನೀರು ಇಳಿಯುವ ಬಾಟಲಿಯನ್ನು ಕೈಯಲ್ಲಿ ಹಿಡಿದು ವಾರ್ಡಿನ ತುಂಬ ಓಡಾಡತೊಡಗಿದರು. ಮಲಗಿದ್ದ ಒಬ್ಬೊಬ್ಬರನ್ನೂ ಎಬ್ಬಿಸಿ ನಡೆಸಲು ಹೋಗಿ ನರ್ಸಮ್ಮನ ಬೈಗುಳ ತಿಂದರು. ಒಂದು ಮಧ್ಯಾಹ್ನ ಮಾತ್ರ, ರವಿಕೆಯ ಒಂದು ಕಡೆ ಸಡಿಲಾಗಿದ್ದನ್ನು ಬಹಳ ಹೊತ್ತು ನೋಡುತ್ತ ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಮಾಳಿಗೆ ಮನೆಯ ಹುಡುಗಿಯ ಮದುವೆ ಮರುವರ್ಷ ಹುನಗುಂದದ ವರನ ಜೊತೆ ಆಯಿತು. ಅತ್ತೆ ಎರಡು ದಿನ ಮುಂಚೆಯೇ ಹೋಗಿ ಶಾವಿಗೆ, ಹಪ್ಪಳ, ಬೀಗರ ಉಪಚಾರ ಎಲ್ಲದಕ್ಕೂ ನಿಂತರು. ಬೀಗರಲ್ಲಿ ಯಾರೋ, ನೀವು ಹುಡುಗಿಗೆ ಏನಾಗಬೇಕು ಎಂದು ಕೇಳಿದಾಗ, ಸೊಸೆಯಾಗಬೇಕಿತ್ತು, ತಪ್ಪಿಹೋಯಿತು ಎಂದು ಹೇಳಿ ಆ ಹುಡುಗಿಯನ್ನು ನಾಚಿಸಿದರು.