ದೀಪ ಹಚ್ಚಿದ ಮೇಲೆ ಕೇಳಿದ ಕೆಂಡ

ಹೋದ ಭಾನುವಾರ ಮೊಮ್ಮಗಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಏನೋ ದೊಡ್ಡ ಗುಟ್ಟು ನಡೆಸಿದಳು. ಮಧ್ಯಾಹ್ನ ತಟ್ಟೆ ತಂದು ನನ್ನ ಮುಂದಿಟ್ಟು, "ಆಯಿ, ಇದು ಮೆಕ್ಸಿಕೋ ದೇಶದ ಊಟ. ಕೋಳಿ ಮಸಾಲ್ಯಾಗ ನೆನಸಿಟ್ಟು ಸುಟ್ಟೀನಿ. ಇದಕ್ಕ ಟೋರ್ಟಿಯಾ ಅಂತಾರ. ಇದ್ರಾಗ ಸುತ್ತಿ ತಿನ್ನಬೇಕು" ಎಂದಳು. ನೋಡಿದರೆ ಗೋವಿನಜೋಳದ ಸಣ್ಣ ರೊಟ್ಟಿ, ಅದರೊಳಗೆ ಅಂಚು ಕರಕಾದ ಕೋಳಿ. ಬಾಯಿಗಿಟ್ಟೆ. ಲಿಂಬೆಯ ಹುಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಇದಕ್ಕೆ ಮೆಕ್ಸಿಕೋ ತನಕ ಹೋಗಬೇಕಿತ್ತೇ?

"ಚಲೋ ಆಗ್ಯಾದ. ಕೆಂಡ ಯಾರ ಮನಿಂದ ತಂದಿ?" ಎಂದು ಕೇಳಿದೆ.

"ಕೆಂಡ ಎಲ್ಲಿದು ಆಯಿ, ಗ್ಯಾಸಿನ ಮ್ಯಾಲ ಮಾಡೀನಿ" ಎಂದು ನಕ್ಕಳು. ನಗಲಿ, ಅವಳಿಗೇನು ಗೊತ್ತು! ಆ ಹುಳಿಖಾರ ನಾಲಿಗೆಗೆ ತಾಗಿದ್ದೇ ತಡ, ನಾನು ಯಾದಗಿರಿಯ ಹೊಳೆದಂಡೆಯ ಆ ಮನೆಯ ಒಲೆ ಮುಂದೆ ಹೋಗಿ ಕುಳಿತುಬಿಟ್ಟಿದ್ದೆ.

ನಿಜಾಮನ ಆಳ್ವಿಕೆಯ ಕೊನೆಕೊನೆಯ ವರ್ಷಗಳು. ಗೋಗಿಯ ಕಡೆಯ ಹಳ್ಳಿಯಿಂದ ನಾನು ಆ ಮನೆಗೆ ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಮಾವ ಭೀಮಾ ಹೊಳೆಯಲ್ಲಿ ಹರಗೋಲು ಹಾಕಿ ಜನರನ್ನು ದಾಟಿಸುತ್ತಿದ್ದರು, ಗಂಡ ಬಲೆ ಬೀಸುತ್ತಿದ್ದರು. ಮನೆಯೊಳಗೆ ಮಾತ್ರ ಅತ್ತೆಯ ದರ್ಬಾರು. ಅವರ ಒಲೆ ಆರಿದ್ದನ್ನು ನಾನು ನೋಡಿಲ್ಲ. ಮಲಗುವ ಮುಂಚೆ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದರು, ಬೆಳಿಗ್ಗೆ ಕೆದರಿ ಊದಿದರೆ ಹತ್ತಿಕೊಳ್ಳುತ್ತಿತ್ತು. ಕಡ್ಡಿಪೆಟ್ಟಿಗೆ ಸುಲಭಕ್ಕೆ ಸಿಗದ ಕಾಲ. ಒಲೆ ಆರಿದ ಮನೆಯ ಹೆಂಗಸರು ಒಡೆದ ಗಡಿಗೆಯ ಬೋಕಿ ಹಿಡಿದು ನಮ್ಮ ಬಾಗಿಲಿಗೆ ಕೆಂಡಕ್ಕೆ ಬರುತ್ತಿದ್ದರು. ಅತ್ತೆ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಹೊರಗಿನವರು ಯಾರೇ ಬಂದರೂ ಬೆಂಕಿ ಹೊಸ್ತಿಲು ದಾಟುವಂತಿರಲಿಲ್ಲ. ಅದರ ಹಿಂದೆ ಲಕ್ಷ್ಮಿಯೂ ಎದ್ದು ಹೋಗುತ್ತಾಳೆ ಎಂಬ ನಂಬಿಕೆ. ಊರಿಗೆಲ್ಲ ಗೊತ್ತಿದ್ದ ಕಟ್ಟಳೆ ಅದು.

ಇಂಥ ಮನೆಗೆ ಒಂದು ದಿನ ಅಕ್ಕ ಬಂದಳು. ಅಕ್ಕ ಎಂದರೆ ನನ್ನ ಗಂಡನ ಅಕ್ಕ, ಅತ್ತೆಯ ಹಿರಿಯ ಮಗಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು, ತಾಯಿಗೆ ಒಂದು ಮಾತೂ ಹೇಳದೆ ಹೈದರಾಬಾದಿನ ರೈಲು ಹತ್ತಿದ್ದಳಂತೆ. ಅಲ್ಲಿ ಒಂದು ದೇವಡಿಯಲ್ಲಿ, ಅಂದರೆ ದೊಡ್ಡ ಶ್ರೀಮಂತರ ಮನೆಯಲ್ಲಿ, ಅಡುಗೆಯ ಕೆಲಸಕ್ಕಿದ್ದಳು. ಪಟ್ಟಣದಲ್ಲಿ ಗಲಾಟೆಯ ಸುದ್ದಿ ಹಬ್ಬಿದಾಗ ಒಂದು ಗಂಟು ಹಿಡಿದುಕೊಂಡು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಬಂದಳು. ಅತ್ತೆ ಅವಳನ್ನು ನೋಡಿ ಅಳಲೂ ಇಲ್ಲ, ಬಯ್ಯಲೂ ಇಲ್ಲ.

"ಕೊಟ್ಟಿಗ್ಯಾಗ ಜಾಗಾ ಅದ. ಊಟ ಅಲ್ಲಿಗೇ ಬರ್ತದ. ಒಲಿ ಮುಂದ ಬರಬ್ಯಾಡ, ಎಲ್ಲೆಲ್ಲಿ ಉಂಡು ಬಂದಿದಿಯೋ ಏನೋ" ಎಂದು ಒಳಗೆ ಹೋದರು.

ಎಲ್ಲೆಲ್ಲೋ ಉಂಡದ್ದು ಬರೀ ನೆಪ. ಮಗಳು ಹೇಳದೆ ಹೋದದ್ದನ್ನು ಅವರು ಮರೆತಿರಲಿಲ್ಲ. ಅತ್ತೆಯ ಸಿಟ್ಟಿಗೆ ನಾನೂ ಹೆದರುತ್ತಿದ್ದೆ, ಆದರೂ ಆ ಸಿಟ್ಟಿನೊಳಗಿನ ಸಂಕಟ ನನಗೆ ಕಾಣುತ್ತಿತ್ತು. ಅಕ್ಕನಿಗೆ ಅದು ಇನ್ನೂ ಚೆನ್ನಾಗಿ ಗೊತ್ತಿತ್ತು. "ಅವ್ವ ನನ್ನ ಕೈಲಿಂದ ಒಂದು ತುತ್ತು ತಿಂದ್ರ ಸಾಕವ್ವಾ, ಮತ್ತೇನೂ ಬ್ಯಾಡ" ಎಂದು ನನ್ನ ಮುಂದೆ ಹೇಳಿ ಕಣ್ಣೊರೆಸಿಕೊಂಡಿದ್ದಳು.

ಒಂದು ದಿನ ಹೊಳೆ ದಾಟಿದವರೊಬ್ಬರು ಮಾವನ ಕೈಗೆ ಒಂದು ಹುಂಜ ಕೊಟ್ಟು ಹೋದರು. "ಅಪ್ಪಾ, ಇದನ್ನ ನಾ ಮಾಡ್ತೀನಿ" ಎಂದಳು ಅಕ್ಕ. ಮಾವ ಹೂಂ ಎಂದರು. ನಮ್ಮಲ್ಲಿ ಕೋಳಿ ಎಂದರೆ ಸಾರು, ಅದೂ ನೀರು ಹೆಚ್ಚು. ಅಕ್ಕ ಮಾಡಿದ್ದೇ ಬೇರೆ. ಮಾಂಸಕ್ಕೆ ಚಾಕುವಿನಿಂದ ಗೀರು ಹಾಕಿದಳು. ನೆನೆಸಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆಯನ್ನು ಕಲ್ಲಿನ ಮೇಲೆ ನುಣ್ಣಗೆ ಅರೆದು, ಗಟ್ಟಿ ಮೊಸರು, ಲಿಂಬೆರಸ, ಕುಸುಬೆ ಎಣ್ಣೆ ಬೆರೆಸಿ ಗೀರಿನೊಳಗೆಲ್ಲ ತಿಕ್ಕಿ ತಿಕ್ಕಿ ತುಂಬಿದಳು. ಗಡಿಗೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿ, ಹೊಳೆಯ ಒದ್ದೆ ಉಸುಕಿನಲ್ಲಿ ಹುಗಿದಿಟ್ಟಳು. ಹೊತ್ತು ಮುಳುಗುವ ತನಕ ಮುಟ್ಟಬಾರದಂತೆ. ಅತ್ತೆ ಒಳಗಿನಿಂದ, ನೋಡದವರ ಹಾಗೆ, ಎಲ್ಲವನ್ನೂ ನೋಡುತ್ತಿದ್ದರು.

ಅಲ್ಲಿಯೇ ಅಕ್ಕ ಎಡವಿದಳು. ದೇವಡಿಯಲ್ಲಿ ಹಗಲೂ ರಾತ್ರಿ ಉರಿಯುವ ಒಲೆಗಳ ಮುಂದೆ ಅಷ್ಟು ವರ್ಷ ಕಳೆದವಳಿಗೆ ಮನೆಯ ಕಟ್ಟಳೆ ಮರೆತೇ ಹೋಗಿತ್ತು. ಕತ್ತಲಾಗುವ ಹೊತ್ತಿಗೆ ಬೋಕಿ ಹಿಡಿದು ಬಾಗಿಲಿಗೆ ಬಂದು, "ಯವ್ವಾ, ನಾಕು ಕೆಂಡ ಕೊಡು" ಎಂದಳು. ಅತ್ತೆ ಆಗತಾನೇ ದೀಪ ಹಚ್ಚಿ ಕೈಮುಗಿದು ಎದ್ದಿದ್ದರು.

"ದೀಪ ಹಚ್ಚೀನಿ. ಹೊರಗಿನವರಿಗಿ ಬೆಂಕಿ ಕೊಡಂಗಿಲ್ಲ" ಎಂದರು.

ದೀಪ ಹಚ್ಚಿದ ಮೇಲೂ ಮನೆಯವರು ಅಂಗಳಕ್ಕೆ ಕೆಂಡ ಒಯ್ದರೆ ಯಾರೂ ಅದನ್ನು ಹೊರಗೆ ಕೊಟ್ಟದ್ದು ಎನ್ನುತ್ತಿರಲಿಲ್ಲ. ನಾನೇ ಒಂದೆರಡು ಸಲ ಒಯ್ದಿದ್ದೆ. ಹೊರಗಿನವರು ಎಂಬ ಆ ಒಂದು ಮಾತಿಗೆ ಅಕ್ಕನ ಮುಖ ಚಿಕ್ಕದಾಯಿತು. ಬೋಕಿ ಹಿಡಿದುಕೊಂಡೇ ತಿರುಗಿ ಕೊಟ್ಟಿಗೆಗೆ ಹೋದಳು. ನನಗೆ ಅತ್ತೆಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ದಿನ ನಾನು ಬಡಿದ ರೊಟ್ಟಿ ಒಂದೂ ದುಂಡಗೆ ಬರಲಿಲ್ಲ.

ಮರುದಿನ ಮಾವ ಹರಗೋಲಿನ ಹತ್ತಿರ ತಾವೇ ಜಾಲಿ ಕಟ್ಟಿಗೆ ಹಾಕಿ ಕೆಂಡ ಮಾಡಿಕೊಟ್ಟರು. ಮೀನು ಸುಡುವ ಕಬ್ಬಿಣದ ಸರಳುಗಳ ಮೇಲೆ ಅಕ್ಕ ಕೋಳಿ ಇಟ್ಟಳು. ಚಳಿಗಾಲವಾದ್ದರಿಂದ ಏನೂ ಕೆಟ್ಟಿರಲಿಲ್ಲ, ಒಂದು ರಾತ್ರಿ ಹೆಚ್ಚು ನೆನೆದು ಮಾಂಸ ಬೆಣ್ಣೆಯಂತಾಗಿತ್ತು. ನಾನು ಬಿಸಿ ಜೋಳದ ರೊಟ್ಟಿ ಒಯ್ದೆ. ರೊಟ್ಟಿ ಆರಿದರೆ ಮುರಿಯುತ್ತದೆ, ಸುತ್ತಲು ಬರುವುದಿಲ್ಲ ಎಂದು ಬಟ್ಟೆಯಲ್ಲಿ ಮುಚ್ಚಿಕೊಂಡು ಓಡಿದ್ದೆ. ಉಸುಕಿನ ಮೇಲೆ ಕುಳಿತು ರೊಟ್ಟಿಯಲ್ಲಿ ಕೋಳಿ, ಹಸಿ ಉಳ್ಳಾಗಡ್ಡಿ ಸುತ್ತಿಕೊಂಡು ತಿಂದೆವು. ಮಾವ ಬೆರಳು ಚೀಪಿದರು. ನನ್ನ ಗಂಡ, ಮಾತೇ ಆಡದ ಮನುಷ್ಯ, "ಇನ್ನೊಂದು ರೊಟ್ಟಿ ತಾ" ಎಂದರು.

ಅತ್ತೆಗೆಂದು ಒಂದು ರೊಟ್ಟಿಯಲ್ಲಿ ಸುತ್ತಿ ಒಯ್ದೆ. "ನನಗ ಹಲ್ಲು ನೋವು" ಎಂದರು. ಹಿಂದಿನ ದಿನ ಹುರಿದ ಶೇಂಗಾ ಕಟಕಟ ಕಡಿದ ಹಲ್ಲು ಅದು! ನಾನು ಬೇಕೆಂದೇ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅವರ ಬಾಯಿ ಬೇಡ ಎಂದಿತೇ ಹೊರತು ಮೂಗು ಆ ಮಾತು ಕೇಳಲಿಲ್ಲ. ಆದರೂ ಕೈ ಮುಂದೆ ಬರಲಿಲ್ಲ. ವಾಪಸು ತಂದ ರೊಟ್ಟಿಯನ್ನು ಅಕ್ಕ ನೋಡಿದಳು. ಇಸಿದುಕೊಂಡು ನಾಯಿಗೆ ಹಾಕಿಬಿಟ್ಟಳು.

ಕೆಲವು ದಿನಗಳ ಮೇಲೆ ಅತ್ತೆಗೆ ಜ್ವರ ಬಂತು. ಜ್ವರ ಬಿಟ್ಟರೂ ಬಾಯಿ ಕೆಟ್ಟು ಹೋಗಿತ್ತು. ಗಂಜಿ ಬೇಡ, ಸಾರು ಬೇಡ. ಸೊರಗಿ ಗೋಡೆ ಹಿಡಿದು ಓಡಾಡುವಂತಾದರು. ಒಂದು ಬೆಳಿಗ್ಗೆ ನನ್ನನ್ನು ಕರೆದು, ಗೋಡೆಯ ಕಡೆ ಮುಖ ಮಾಡಿಕೊಂಡೇ, "ಅವತ್ತು ಹೊಳ್ಯಾಗ ಏನೋ ಸುಟ್ಟಿದ್ರಲ್ಲ, ಹುಳಿ ಹುಳಿ ವಾಸನಿ ಬಂದಿತ್ತು" ಎಂದರು. ಅಷ್ಟೇ ಅಂದದ್ದು.

ನಾನು ಕೊಟ್ಟಿಗೆಗೆ ಹಾರಿಕೊಂಡು ಹೋದೆ. ಅಕ್ಕ ಸೆರಗು ಬಿಗಿದು ಎಳೇ ಕೋಳಿ ಹುಡುಕಿಕೊಂಡು ಮುದನಾಳದ ತನಕ ನಡೆದಳು. ಅದು ಸಿಕ್ಕು, ತಂದು, ಅರೆದು ತಿಕ್ಕಿ ನೆನೆಸಿಡುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮತ್ತೆ ಅದೇ ಹೊತ್ತು ಬಂತು. ನಾನು ದೀಪ ಹಚ್ಚಿ ಎದ್ದು ನೋಡಿದರೆ ಅಕ್ಕ ಹೊಸ್ತಿಲಾಚೆ ನಿಂತಿದ್ದಾಳೆ, ಒಂದು ಕೈಯಲ್ಲಿ ಗಡಿಗೆ, ಇನ್ನೊಂದರಲ್ಲಿ ಬೋಕಿ. ಈ ಸಲ ಅವಳು ಕೆಂಡ ಕೇಳಲಿಲ್ಲ. ದೀಪ ನೋಡಿದಳು, ಬೋಕಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ನಾಳಿ ಮುಂಜಾನಿ ಸುಟ್ಟು ಕೊಡ್ತೀನಿ ಯವ್ವಾ" ಎಂದಳು.

ಅತ್ತೆ ಒಲೆಯ ಪಕ್ಕ ಕೌದಿ ಹೊದ್ದು ಕುಳಿತಿದ್ದರು. ಇವತ್ತಾದರೂ ಕೊಡಿ ಎಂದು ಕೇಳಬೇಕೆಂದಿದ್ದೆ. ಅವರು ಗೋಡೆ ಹಿಡಿದು ಎದ್ದರು. ಬಾಗಿಲ ತನಕ ಬಂದು ಮಗಳ ಸೆರಗು ಸರಿಸಿ, ಬೋಕಿ ಕಸಿದುಕೊಂಡು ಅಂಗಳಕ್ಕೆ ಎಸೆದರು. ಅದು ಚೂರುಚೂರಾಯಿತು.

"ದೀಪ ಹಚ್ಚಿದ ಮ್ಯಾಲ ಬೆಂಕಿ ಹೊಸ್ತಿಲ ದಾಟಂಗಿಲ್ಲ ಅಂದ್ರ ದಾಟಂಗಿಲ್ಲ" ಎಂದರು ಅತ್ತೆ, ಏದುಸಿರು ಬಿಡುತ್ತ. "ನೀನ ದಾಟಿ ಬಾ."

ಅಕ್ಕ ಅಲುಗಾಡಲಿಲ್ಲ. ಅತ್ತೆಯೇ ಅವಳ ರಟ್ಟೆ ಹಿಡಿದು ಒಳಗೆಳೆದರು. ಒಲೆಯ ಮುಂದೆ ಕುಳಿತು ಅಕ್ಕ ಕೆಂಡ ಹರಡಿ ಸರಳು ಜೋಡಿಸಿದಳು, ಬಿಕ್ಕಿ ಬಿಕ್ಕಿ ಅತ್ತಳು. ರೊಟ್ಟಿ ಬಡಿಯುತ್ತಿದ್ದ ನನಗೂ ಅಳು ಬಂತು. ಅತ್ತೆ ಮಾತ್ರ, "ಇಬ್ಬರೂ ಅಳಾಕತ್ರ ಕೋಳಿ ಕರಕ ಆಗ್ತದ, ನೋಡ್ರಿ" ಎಂದು ಬಯ್ದರು.

ಮೊದಲ ತುತ್ತನ್ನು ಅಕ್ಕ ಬಿಸಿ ರೊಟ್ಟಿಯಲ್ಲಿ ಸುತ್ತಿ ತಾಯಿಯ ಕೈಗೆ ಕೊಡಹೋದಳು. ಅತ್ತೆ ಕೈ ಚಾಚಲಿಲ್ಲ, ಬಾಯಿ ತೆರೆದರು. ನಿಧಾನವಾಗಿ ಅಗಿದು ನುಂಗಿ, "ಉಪ್ಪು ಕಡಿಮಿ ಆಗ್ಯಾದ" ಎಂದರು. ಆಮೇಲೆ ಮಗಳ ಮುಖ ನೋಡದೆ ಕೇಳಿದರು:

"ಅವತ್ತು ಹೋಗಾಗ ನನಗ ಒಂದು ಮಾತು ಹೇಳಿದ್ರ ಏನಾಗ್ತಿತ್ತು?"

"ಹೇಳಿದ್ರ ನೀ ಬಿಡ್ತಿದ್ದಿಲ್ಲ ಯವ್ವಾ."

"ಹೌದು, ಬಿಡ್ತಿದ್ದಿಲ್ಲ" ಎಂದು ಅತ್ತೆ ಮತ್ತೆ ಬಾಯಿ ತೆರೆದರು.