ದೀಪಕ್ಕೆ ಟೋಪಿ

ಕೂಡ್ಲಿಗಿ ಸೀಮೆಯಲ್ಲಿ, ಹೊಸಹಳ್ಳಿಯಿಂದ ಮೂರು ಮೈಲಿ ಆಚೆಗೆ ಕರಿಗುಡ್ಡದಹಟ್ಟಿ. ಆ ಊರಿನ ನೀರುಗಂಟಿ ಗಂಗಪ್ಪ. ಬೆಳಿಗ್ಗೆ ನಳಕ್ಕೆ ನೀರು ಬಿಡುವುದು, ಸಂಜೆ ಬೀದಿದೀಪ ಹಚ್ಚುವುದು, ಎರಡೂ ಅವನ ಪಾಲಿನವು. ಹದಿನಾಲ್ಕು ವರ್ಷ ದುಡಿದರೂ ಪಂಚಾಯಿತಿ ಅವನನ್ನು ಕಾಯಂ ಮಾಡಿರಲಿಲ್ಲ. ಓದಿದ್ದು ಏಳನೆಯವರೆಗೆ. ಆದರೆ ಮೋಟರಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲವನಾಗಿದ್ದ.

ತೊಂಬತ್ತೆಂಟರಲ್ಲಿ ರಸ್ತೆಯ ಎಂಟು ಕಂಬಗಳಿಗೂ ದೊಡ್ಡ ಸೋಡಿಯಂ ದೀಪ ಬಂದವು. ಹಳದಿ ಬೆಳಕು ನೋಡಿ ಊರು ಹಿಗ್ಗಿತು. ಆ ಹಿಂಗಾರಿಯಲ್ಲೇ ಮಾಳಮ್ಮನ ಬಿಳಿಜೋಳ ಕೈಕೊಟ್ಟಿತು. ಗಂಡ ಸತ್ತ ಮೇಲೆ ರಸ್ತೆ ಬದಿಯ ಒಂದೂವರೆ ಎಕರೆಯನ್ನೇ ನಂಬಿಕೊಂಡಿದ್ದ ಹೆಂಗಸು ಅವಳು. ಹೊಲದ ಒಳಗಿನ ಜೋಳವೆಲ್ಲ ತೆನೆ ಬಿಟ್ಟಿತ್ತು. ರಸ್ತೆ ಬದಿಯದು ಮಾತ್ರ ಆಳೆತ್ತರ ಬೆಳೆದು ಹಚ್ಚಗೆ ನಿಂತಿತ್ತು, ಹುಡುಕಿದರೂ ಒಂದು ತೆನೆಯಿಲ್ಲ.

"ಯಾರೋ ಮಾಡಿಸ್ಯಾರ," ಎಂದು ಮಾಳಮ್ಮ ಬದುವಿನ ಮೇಲೆ ಕೂತು ಅತ್ತಳು.

ಗಂಗಪ್ಪ ಹೊಲಕ್ಕಿಳಿದು ನೋಡಿದ. ಸಂಜೆ ದೀಪ ಹಚ್ಚಿ ಮತ್ತೆ ಬಂದು ನಿಂತ. ಬೆಳಕು ಎಲ್ಲಿಯವರೆಗೆ ಬಿದ್ದಿತ್ತೋ ಅಲ್ಲಿಯವರೆಗೆ ಜೋಳ ಬಂಜೆಯಾಗಿತ್ತು. ಅಲ್ಲಿಂದ ಎರಡು ಮಾರು ಆಚೆಗೆ ತೆನೆ ತುಂಬಿತ್ತು.

"ಯವ್ವಾ, ಮಾಟ ಅಲ್ಲ ಇದು. ನಾ ಹಚ್ಚೋ ದೀಪ. ಕತ್ತಲಾಗಿದ್ದು ನಿನ್ನ ಜೋಳಕ್ಕ ಗೊತ್ತಾಗವಲ್ದು, ಕತ್ತಲ ಸಿಗದ ತೆನಿ ಬಿಡವಲ್ದು," ಎಂದ.

ಅಂದಿನಿಂದ ಅವನಿಗೆ ಅದೇ ಧ್ಯಾನ. ಹೋಟೆಲಿನವರು ಬಿಸಾಡಿದ ಎಣ್ಣೆ ಡಬ್ಬಿ ತಂದು ಕತ್ತರಿಸಿ ದೀಪಕ್ಕೆ ಮುಚ್ಚಳ ಕಟ್ಟಿದ. ಮೊದಲನೆಯದನ್ನು ಗಾಳಿ ಹಾರಿಸಿತು. ಎರಡನೆಯದರಲ್ಲಿ ಕಾವು ನಿಂತು ಬಲ್ಬು ಒಡೆಯಿತು, ಪಂಚಾಯಿತಿಯಲ್ಲಿ ಬೈಸಿಕೊಂಡ. ಮೂರನೆಯದಕ್ಕೆ ಕಾವು ಹೋಗಲು ಬೆನ್ನಿಗೆ ತೂತು ಕೊರೆದ, ಒಳಗೆ ಸುಣ್ಣದ ಬಿಳಿ ಬಳಿದ. ಹೊಲಕ್ಕೂ ಆಕಾಶಕ್ಕೂ ಚೆಲ್ಲುತ್ತಿದ್ದ ಬೆಳಕೆಲ್ಲ ಈಗ ರಸ್ತೆಗೇ ಇಳಿಯಿತು. ಇಷ್ಟು ಬೆಳಕಿಗೆ ಇಷ್ಟು ದೊಡ್ಡ ದೀಪ ಯಾಕೆ ಎಂದು ಮೂರನೇ ಒಂದು ಪಾಲು ಕರೆಂಟು ಕುಡಿಯುವ ಚಿಕ್ಕ ದೀಪ ಹಾಕಿ ನೋಡಿದ. ರಸ್ತೆಯಲ್ಲಿ ಬಿದ್ದ ಸೂಜಿಯೂ ಕಾಣುತ್ತಿತ್ತು. ಎಂಟೂ ಕಂಬಗಳಿಗೆ ಹಾಗೇ ಮಾಡಿದ. ಮರುವರ್ಷ ಮಾಳಮ್ಮನ ಜೋಳ ಬದುವಿನವರೆಗೂ ತೆನೆ ಹಾಕಿತು. ಊರವರು ಆ ಮುಚ್ಚಳವನ್ನು 'ಗಂಗಪ್ಪನ ಟೋಪಿ' ಎಂದರು.

ಸುದ್ದಿ ಕೇಳಿ ಅಮರೇಶ್ ಎಂಬ ಜಿಲ್ಲಾ ಪಂಚಾಯಿತಿ ಎಂಜಿನಿಯರ್ ಜೀಪಿನಲ್ಲಿ ಬಂದ. ಬೆಳಕು ಅಳೆಯುವ ಯಂತ್ರ ಹಿಡಿದು ಕಂಬದಿಂದ ಕಂಬಕ್ಕೆ ಓಡಾಡಿ ಬೆರಗಾದ. ಗಂಗಪ್ಪನ ಕೇರಿಗೂ ಬಂದು ಕಟ್ಟೆಯ ಮೇಲೆ ಕೂತ. ಹೆಂಡತಿ ಗಿಡ್ಡಮ್ಮ ತಂದಿಟ್ಟ ಚಹಾ ಹಾಗೇ ಆರಿತು. ಅದನ್ನು ಮುಟ್ಟದವನು, ಗಂಗಪ್ಪ ಚಿತ್ರ ಬರೆದು ಅಳತೆ ಗುರುತು ಹಾಕಿಟ್ಟಿದ್ದ ನೋಟುಬುಕ್ಕನ್ನು ಮಾತ್ರ ಎತ್ತಿಕೊಂಡ.

"ನಿನ್ನ ಹೆಸರು ಮ್ಯಾಲಿನವರಿಗೆ ಬರೀತೀನಿ ಗಂಗಪ್ಪ. ನೀನು ಕಾಯಂ ಆದಂಗ ತಿಳ್ಕೋ."

ಆರು ತಿಂಗಳಿಗೆ ಪೇಪರಿನಲ್ಲಿ ಅಮರೇಶನ ಫೋಟೊ ಬಂತು. ವಿದ್ಯುತ್ ಉಳಿಸುವ ಹೊಸ ಬೀದಿದೀಪ ರೂಪಿಸಿದ ಯುವ ಎಂಜಿನಿಯರಿಗೆ ಪ್ರಶಸ್ತಿ. ಗಂಗಪ್ಪ ಪೇಪರು ಮಡಚಿಕೊಂಡು ಬಸ್ಸು ಹತ್ತಿ ಅವನ ಕಚೇರಿಗೆ ಹೋದ.

"ಸರ, ನನ್ನ ಹೆಸರು ಇದರಾಗ ಇಲ್ಲಲ್ರಿ?"

"ಐತಲ್ಲೋ. 'ಸ್ಥಳೀಯ ಸಿಬ್ಬಂದಿ ಸಹಕಾರದಿಂದ' ಅಂತ ಬರ್ದೀನಿ ನೋಡು. ಅದು ನೀನ."

"ನನ್ನ ಬುಕ್ಕರ ಕೊಡ್ರಿ."

"ಎಲ್ಲೈತೋ, ಹುಡುಕಿಸ್ತೀನಿ."

ಆ ಬುಕ್ಕು ಸಿಗಲೇ ಇಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಪಾಲಾಕ್ಷಪ್ಪ ಪಂಚಾಯಿತಿ ಅಧ್ಯಕ್ಷನಾದ. ಅವನ ಭಾವಮೈದುನನೇ ಗುತ್ತಿಗೆ ಹಿಡಿದು, ಮಾಳಮ್ಮನ ಹೊಲದ ಹತ್ತಿರ ರಸ್ತೆ ಕೂಡುವಲ್ಲಿ, ಮುಗಿಲೆತ್ತರದ ಕಂಬದ ಹೈಮಾಸ್ಟ್ ದೀಪ ನಿಲ್ಲಿಸಿದ. ಟೋಪಿ ಹಾಕಿದ ದೀಪಗಳನ್ನೆಲ್ಲ ಕಿತ್ತು ಗುಜರಿಗೆ ಹಾಕಿದರು.

"ಸಾವ್ಕಾರ್ರ, ಸುತ್ತ ಹೊಲ ಅದಾವ. ದೀಪದ ತಲಿ ಮ್ಯಾಲೆ ಮುಚ್ಚಳ ಹಾಕಸ್ರಿ," ಎಂದು ಗಂಗಪ್ಪ ಕೈಮುಗಿದ.

"ಹತ್ತು ಊರಿಗೆ ಕಾಣಬೇಕಂತನ ಹಾಕಿಸಿದ್ದಲೇ ಅದು," ಎಂದ ಪಾಲಾಕ್ಷಪ್ಪ.

ಹಿಂಗಾರಿ ಬಂತು. ಮಾಳಮ್ಮ ಮನೆ ಬಾಗಿಲಿಗೆ ಬಂದು ನಿಂತಳು. "ಗಂಗಪ್ಪ, ದೀಪ ಹಚ್ಚಾಂವ ನೀನು. ಆರಸಾಂವನೂ ನೀನ. ಈ ಸಲ ಜೋಳ ಕೈಬಿಟ್ಟರ ನಾ ಉಳಿಯಂಗಿಲ್ಲ."

ಅವನಿಗೆ ತಡೆಯಲಾಗಲಿಲ್ಲ. ದಿನಾ ಊಟದ ಹೊತ್ತು ಮುಗಿದು ಜನದ ಓಡಾಟ ನಿಂತ ಮೇಲೆ ಹೈಮಾಸ್ಟ್ ದೀಪ ಆರಿಸುತ್ತ ಬಂದ. ಎರಡು ತಿಂಗಳು ಯಾರೂ ಗಮನಿಸಲಿಲ್ಲ. ತೆನೆ ಹಾಲುಗಾಳಾಗುವ ಹೊತ್ತಿಗೆ ಪಾಲಾಕ್ಷಪ್ಪನ ಪಂಪ್‌ಸೆಟ್ಟಿನ ವೈರು ಕಳುವಾಯಿತು. ಪಂಪ್‌ಸೆಟ್ಟು ಇದ್ದದ್ದು ಗುಡ್ಡದ ಆಚೆಗೆ, ಯಾವ ದೀಪದ ಬೆಳಕೂ ಮುಟ್ಟದ ಕಡೆ. ಆದರೂ ದೀಪ ಆರಿಸಿ ಕಳ್ಳರಿಗೆ ದಾರಿ ಮಾಡಿಕೊಟ್ಟವನು ಗಂಗಪ್ಪನೇ ಎಂದಾಯಿತು.

ವಿಚಾರಣೆಗೆ ಬಂದವನು ಅಮರೇಶ್, ಈಗ ದೊಡ್ಡ ಹುದ್ದೆಯಲ್ಲಿ.

"ಸರ, ಜೋಳದ ಸಲುವಾಗಿ ಆರಿಸಿದ್ನಿ. ಯಾಕಂತ ನಿಮಗ ಗೊತ್ತೈತಿ," ಎಂದ ಗಂಗಪ್ಪ.

ಅಮರೇಶ್ ಕಾಗದದಿಂದ ತಲೆ ಎತ್ತಲಿಲ್ಲ. "ಮಾಳಮ್ಮ ಅನ್ನೋರು ಯಾರು? ನೀವು ಹೇಳಿದ್ರಾ ದೀಪ ಆರಿಸು ಅಂತ?"

ಮಾಳಮ್ಮ ಪಾಲಾಕ್ಷಪ್ಪನ ಕಡೆ ನೋಡಿದಳು. ಆಶ್ರಯ ಮನೆಯ ಪಟ್ಟಿಯಲ್ಲಿ ಅವಳ ಹೆಸರಿತ್ತು, ಅಧ್ಯಕ್ಷರ ಸಹಿ ಇನ್ನೂ ಆಗಿರಲಿಲ್ಲ. "ನಂಗೇನೂ ಗೊತ್ತಿಲ್ರಿ," ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಗಂಗಪ್ಪ ಎದ್ದು ಹೊರಬಿದ್ದ. ಅಂದೇ ಮೋಟರುಮನೆಯ ಬೀಗದ ಕೈ ಒಪ್ಪಿಸಿ, ವಾರದೊಳಗೆ ಗಿಡ್ಡಮ್ಮನನ್ನು ಕರೆದುಕೊಂಡು ಹರಪನಹಳ್ಳಿ ಸೇರಿದ. ಐವತ್ತರ ವಯಸ್ಸಿನಲ್ಲಿ ಅಲ್ಲಿನ ಮಂಡಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲಿಯಾದ.

ಎರಡು ವರ್ಷಕ್ಕೆ ಹೈಮಾಸ್ಟ್ ಕೆಟ್ಟು ನಿಂತಿತು. ರಿಪೇರಿಗೆ ಯಾರೂ ಬಾರದೆ ರಸ್ತೆ ಕತ್ತಲಾದಾಗ, ಪಾಲಾಕ್ಷಪ್ಪನೇ ಮಂಡಿಗೆ ಹುಡುಕಿಕೊಂಡು ಬಂದ. "ಆದದ್ದಾತು ಗಂಗಪ್ಪ. ಬಂದು ನಿನ್ನ ಟೋಪಿ ದೀಪ ಹಾಕಿಕೊಡು."

ಗಂಗಪ್ಪ ಹೆಗಲ ಮೇಲಿನ ಚೀಲ ಇಳಿಸಲಿಲ್ಲ. "ಅದನ್ನ ಮಾಡಿದಾಂವ ನಾನಲ್ರಿ. ಪೇಪರ್‌ನಾಗ ಬಂದಿತ್ತಲ್ಲ, ಆ ಎಂಜಿನಿಯರ್ ಸಾಹೇಬ್ರನ್ನ ಕೇಳ್ರಿ," ಎಂದು ಲಾರಿಯತ್ತ ನಡೆದ. ಅವತ್ತು ಇನ್ನೂ ನಲವತ್ತು ಚೀಲ ಬಾಕಿ ಇದ್ದವು.